ಅಂಗೈಯಗಲದ ಹಸಿರು

ಕಾಳಪ್ಪನಿಗೆ ತಾಂಬಾದ ಗೌಡರ ವಾಡೆಯ ಮೇಲೆ ಸಿಟ್ಟಿರಲಿಲ್ಲ. ಆ ವಾಡೆಯ ಜನರ ಮೇಲೂ ಹೇಳಿಕೊಳ್ಳುವಂಥ ಸಿಟ್ಟಿರಲಿಲ್ಲ. ಅವನ ಹೊಟ್ಟೆಯೊಳಗಿನ ಕಿಚ್ಚೆಲ್ಲ ಇದ್ದದ್ದು ಅಲ್ಲಿನ ಪಡಸಾಲೆಯಲ್ಲಿ ಹಬ್ಬ, ಮದುವೆ ಇದ್ದಾಗ, ಇಲ್ಲವೆ ದೊಡ್ಡ ಮನುಷ್ಯರು ಬಂದಾಗ ಮಾತ್ರ ಹಾಸುತ್ತಿದ್ದ ಒಂದು ರತ್ನಗಂಬಳಿಯ ಮೇಲೆ. ನೆಲಕ್ಕೆ ಹಾಸುವ ವಸ್ತುವನ್ನು ಹಗೆ ಎಂದು ತಿಳಿಯುವುದು ಹುಚ್ಚುತನ ಎಂಬುದು ಅವನಿಗೂ ಗೊತ್ತಿತ್ತು. ಗೊತ್ತಿದ್ದು ಏನು ಬಂತು? ಆ ಹಾಸನ್ನು ನೆನೆದಾಗಲೆಲ್ಲ ಅವನಿಗೆ ಊಟ ಸೇರುತ್ತಿರಲಿಲ್ಲ.

ಊರವರು ಅದನ್ನು ಗಾಲೀಚಾ ಎನ್ನುತ್ತಿದ್ದರು. ಕೆಂಪು ನೆಲ, ನಡುವೆ ಕಪ್ಪುನೀಲಿ ಪದಕ, ಅಂಚಿಗೆ ಬಳ್ಳಿ, ಬಳ್ಳಿಯ ತುಂಬ ಹಳದಿ ಹೂವು. ಮೂವತ್ತು ವರ್ಷದ ಹಿಂದೆ ವಾಡೆಯಲ್ಲಿ ಮದುವೆಯೊಂದು ನಡೆದಾಗ ಅದರ ಮೇಲೆ ಬಿಳಿ ಬಣ್ಣ ಚೆಲ್ಲಿತ್ತು. ಬಾಗಿಲಿಗೆ ಬಣ್ಣ ಹಚ್ಚುತ್ತಿದ್ದವನು ಕಾಳಪ್ಪನ ಅಪ್ಪ ಮಾನಪ್ಪ. ಆಗ ಕಾಳಪ್ಪ ಇನ್ನೂ ತೊಟ್ಟಿಲಲ್ಲಿದ್ದ. ಅವನಿಗೆ ಈ ಸಂಗತಿ ತಿಳಿದದ್ದು ಬಹಳ ವರ್ಷಗಳ ಮೇಲೆ, ತಮ್ಮೂರು ಇಂಡಿಯ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ, ಗೋಡೆ ಕಟ್ಟುವ ಮುದುಕ ಗೌಂಡಿ ಯಂಕಪ್ಪನ ಬಾಯಿಂದ.

"ನಿಮ್ಮಪ್ಪನ್ನ ದೊಡ್ಡಗೌಡ ಇಡೀ ದಿನ ಬೀಗರ ಮುಂದ ಕುಂಡ್ರಿಸಿದ್ದಾ ತಮ್ಮಾ. ಬಣ್ಣಾ ಉಗುರಿಲೆ ಕೆರೀಬೇಕು ಅಂದಿದ್ದಾ. ಕೆರದ ಕೆರದ ಬೆರಳಿಗೆ ರಕ್ತ ಬಂದಿತ್ತು. ಜನಾ ನಗತಿದ್ರು" ಎಂದಿದ್ದ ಯಂಕಪ್ಪ. ಅವನು ಯಾವ ಮಾತಿಗೂ ಉಪ್ಪುಖಾರ ಹಚ್ಚದೆ ಬಿಟ್ಟವನಲ್ಲ. ಆದರೆ ಮಾನಪ್ಪನ ಬಲಗೈ ಹೆಬ್ಬೆರಳಿನ ಉಗುರು ಸೀಳಿದ್ದು ನಿಜವಾಗಿತ್ತು. ಅವನು ಮತ್ತೆಂದೂ ವಾಡೆಯ ಮೆಟ್ಟಿಲು ಹತ್ತಲಿಲ್ಲ ಎಂಬುದೂ ನಿಜವಾಗಿತ್ತು. ಕಾಳಪ್ಪ ಒಂದೆರಡು ಸಲ ಅಪ್ಪನನ್ನೇ ಕೇಳಿದ್ದ. "ಹಳೀ ಮಾತು ಯಾಕ ಬೇಕು?" ಎಂದು ಮಾನಪ್ಪ ಕುಂಚ ತೊಳೆಯಲು ಎದ್ದು ಹೋಗಿದ್ದ. ಹಾಗೆ ಬಾಯಿ ಬಿಡದೆಯೇ ತೀರಿಕೊಂಡ. ಆ ಮೌನವನ್ನು ಮಗ ತನಗೆ ಬೇಕಾದ ಹಾಗೆ ತುಂಬಿಕೊಂಡ.

ದೊಡ್ಡಗೌಡ ಸತ್ತ ಮೇಲೆ ಸೊಸೆ ಇಂದ್ರಾಬಾಯಿ ಮನೆಯ ಯಜಮಾನಿಕೆ ಹಿಡಿದಳು. ಹಿಡಿದವಳೇ ಇಂಡಿಗೆ ಆಳು ಕಳಿಸಿ ಮಾನಪ್ಪನ ಮಗನನ್ನು ಕರೆಸಿದಳು. ಅಂದಿನಿಂದ ವಾಡೆಯ ಬಾಗಿಲು, ಕಿಟಕಿ, ಬಂಡಿ, ತೊಟ್ಟಿಲು ಎಲ್ಲದರ ಬಣ್ಣ ಕಾಳಪ್ಪನದೇ. ಹೋದಾಗೆಲ್ಲ ಮುದುಕಿ ತಾನೇ ನಿಂತು ಅವನಿಗೆ ಬಡಿಸುತ್ತಿದ್ದಳು. ಇನ್ನೊಂದು ರೊಟ್ಟಿ, ಇನ್ನೊಂದಿಷ್ಟು ಮೊಸರು ಎಂದು ಬಿಡುತ್ತಲೇ ಇರಲಿಲ್ಲ. ಅಪ್ಪನ ಮರ್ಯಾದೆ ತೆಗೆದವರು ಮಗನಿಗೆ ಮೊಸರು ಸುರಿದು ಕೈ ತೊಳೆದುಕೊಳ್ಳುತ್ತಿದ್ದಾರೆ ಎಂದೇ ಅವನು ತಿಳಿದ. ತಿಂದ ರೊಟ್ಟಿ ಅರಗುತ್ತಿರಲಿಲ್ಲ. ಬೇಡವೆನ್ನುವ ಧೈರ್ಯವೂ ಬರುತ್ತಿರಲಿಲ್ಲ.

ಅವನಿಗೆ ಬೇಕಾದದ್ದು ಒಂದೇ. ಆ ರತ್ನಗಂಬಳಿ ಆ ಮನೆಯಿಂದ ಹೋಗಬೇಕು, ಹೋದದ್ದು ಮನೆಯವರಿಗೆ ತಿಳಿಯಬಾರದು. ಬೀಗರನ್ನು ಕರೆದು ಅದರ ಜಾಗದ ಸುಳ್ಳು ಹಾಸಿನ ಮೇಲೆ ಕೂರಿಸಿ, 'ನಮ್ಮ ಹಿರಿಯರ ಕಾಲದ್ದು' ಎಂದು ಅವರು ಮೀಸೆ ತಿರುವಬೇಕು. ಅದನ್ನು ಬಾಗಿಲ ಬಳಿ ಕುಂಚ ಹಿಡಿದು ನಿಂತು ತಾನೊಬ್ಬನೇ ನೋಡಬೇಕು. ಕಳವಿಗಿಂತ ಹೆಚ್ಚಾಗಿ ಈ ನೋಟದ ಆಸೆಯೇ ಅವನನ್ನು ಹಿಡಿದಿತ್ತು.

ದಾರಿ ತೋರಿಸಿದವನು ಸೊಲ್ಲಾಪುರದ ಅಪ್ಪಾಸಾಬ. ಹಳೆಯ ವಸ್ತುಗಳನ್ನು ಕೊಂಡು ದೂರದ ಊರುಗಳಿಗೆ ಸಾಗಿಸುವುದು ಅವನ ಕಸುಬು. ಹಿಂದಿನ ವರ್ಷದ ದಸರೆಯಲ್ಲಿ ಲಿಂಬೆಹಣ್ಣಿನ ವ್ಯಾಪಾರಿ ಎಂದು ಹೇಳಿಕೊಂಡು ವಾಡೆಗೆ ಬಂದು, ಗಾಲೀಚಾದ ಮೇಲೆ ಕೂತು ಚಹಾ ಕುಡಿದು, ಮಾತಿನ ನಡುವೆ ಅದರ ಮೂಲೆ ಮಗುಚಿ ಹಿಂಬದಿಯ ನೇಯ್ಗೆಯ ಗಂಟು ನೋಡಿದ್ದ. ಹೊರಗೆ ಬಂದ ಮೇಲೆ ಅವನ ಕಣ್ಣು ಮಿನುಗಿದ್ದನ್ನು ಕಂಡೇ ಕಾಳಪ್ಪನಿಗೆ ವಸ್ತುವಿನ ಬೆಲೆ ಅಂದಾಜಾಯಿತು. ದುಡ್ಡಿನ ಮಾತನ್ನು ಅಪ್ಪಾಸಾಬನೇ ಆಡಿದ. ಕಾಳಪ್ಪ ಅರ್ಧ ಕಿವಿಯಲ್ಲಿ ಕೇಳಿದ.

ಆ ದಸರೆಯಲ್ಲಿ ಕಾಳಪ್ಪ ಮೂರು ದಿನ ರತ್ನಗಂಬಳಿಯ ಬದಿಗೆ ಕೂತು ಕಾಗದದ ಮೇಲೆ ಬಳ್ಳಿ, ಹೂವು, ಪದಕ ಎಲ್ಲವನ್ನೂ ಬರೆದುಕೊಂಡ. ಕೇಳಿದವರಿಗೆ, "ಬಾಗಲಾ ಮ್ಯಾಲ ಇದs ಬಳ್ಳಿ ಬಿಡಿಸ್ತೇನ್ರಿ" ಎಂದ. ಮಾತಿಗೆ ತಪ್ಪದೆ ಬಿಡಿಸಿಯೂ ಬಿಟ್ಟ; ಸುತ್ತಲ ಹಳ್ಳಿಯವರು ಬಂದು ನೋಡಿ ಹೋದರು. ಅದೇ ಕಾಗದ ನೋಡಿಕೊಂಡು ಸೊಲ್ಲಾಪುರದಲ್ಲಿ ಒಬ್ಬ ನೇಕಾರ ನಾಲ್ಕೂವರೆ ತಿಂಗಳು ಕೂತು ಇನ್ನೊಂದು ಹಾಸು ನೇಯ್ದ. ಅದು ಸಿಂದಗಿಗೆ ಬಂತು. ಅಲ್ಲಿ ಒಂದು ಖಾನಾವಳಿಯ ಬೋರ್ಡು ಬರೆಯುವ ಕೆಲಸದ ನೆವದಲ್ಲಿ ಕಾಳಪ್ಪ ಒಂದು ಕೋಣೆ ಹಿಡಿದಿದ್ದ.

ಹೊಸದನ್ನು ಹಳೆಯದು ಮಾಡುವುದು ಅವನ ಕೈಚಳಕಕ್ಕೆ ಬಿಟ್ಟದ್ದು. ಚಹಾದ ಕಷಾಯದಲ್ಲಿ ಅದ್ದಿದ, ಬೂದಿ ಬಡಿದ, ಬಿಸಿಲಿಗೆ ಹಾಕಿದ, ಬರಿಗಾಲಲ್ಲಿ ತಾಸುಗಟ್ಟಲೆ ತುಳಿದ. ಎಲ್ಲಿ ಗೌಡರು ಲೋಡಿಗೊರಗಿ ಕೂರುತ್ತಾರೋ ಅಲ್ಲಿ ಉಣ್ಣೆಯನ್ನು ಸವೆಸಿದ, ಹೂವಿನ ಹಳದಿ ಎಲ್ಲಿ ಮಾಸಿದೆಯೋ ಅಲ್ಲಿ ಸಣ್ಣ ಕುಂಚದಿಂದ ಮಾಸಿಸಿದ. ಕಣ್ಣಿಗೆ ಎರಡೂ ಒಂದೇ ಆದವು. ಕೈಗೆ ಮಾತ್ರ ಇದು ತುಸು ಒರಟು.

ಅದಕ್ಕೇ ಬಣ್ಣದ ಕಲೆ ಬೇಕಾಗಿತ್ತು. ಈ ಯೋಚನೆ ಹೊಳೆದ ದಿನ ಕಾಳಪ್ಪ ತನ್ನ ಬೆನ್ನು ತಾನೇ ಚಪ್ಪರಿಸಿಕೊಂಡಿದ್ದ. ಬಣ್ಣ ಬಿದ್ದರೆ ಹಾಸು ಮನೆಯಿಂದ ಹೊರಗೆ ಬರಲು ಕಾರಣ ಸಿಗುತ್ತದೆ. ಒಣಗಿದ ಬಣ್ಣವನ್ನು ತೆಗೆಯಲು ಎಣ್ಣೆ, ಟರ್ಪೆಂಟೈನ್, ಹೊಳೆಯ ನೀರು ಎಂದೆಲ್ಲ ಆದ ಮೇಲೆ ಉಣ್ಣೆ ಒರಟಾದರೆ ಯಾರೂ ಹುಬ್ಬೇರಿಸುವುದಿಲ್ಲ. ತೊಳೆದದ್ದಕ್ಕೆ ಹೀಗಾಯಿತು ಎನ್ನುತ್ತಾರೆ. ಮೂವತ್ತು ವರ್ಷದ ಹಿಂದೆ ಅಪ್ಪನ ತಲೆ ತಗ್ಗಿಸಿದ್ದು ಬಣ್ಣದ ಕಲೆ. ಈಗ ಅದೇ ಕಲೆ ಮಗನ ಕೆಲಸ ಮಾಡಿಕೊಡಬೇಕು. ಈ ನ್ಯಾಯ ಅವನಿಗೆ ಬಹಳ ಚಂದ ಕಂಡಿತ್ತು.

ಎಪ್ಪತ್ತಾರನೇ ಇಸವಿಯ ಯುಗಾದಿ ಕಳೆದು ವಾರವಾಗಿತ್ತು. ಇಂದ್ರಾಬಾಯಿಯ ಮಗ ರಾವಸಾಬ ಗೌಡ ತನ್ನ ಮಗಳ ಮದುವೆಯ ಜವಳಿಗೆಂದು ವಿಜಾಪುರಕ್ಕೆ ಹೋದ ದಿನವನ್ನೇ ಕಾಳಪ್ಪ ಹಿಡಿದ. ಮದುವೆಗೆಂದು ಬಾಗಿಲ ಬಳ್ಳಿಗೆ ಮತ್ತೊಮ್ಮೆ ಬಣ್ಣ ಹಚ್ಚುವಾಗ ಹೊಂದಿಸಿ ನೋಡಬೇಕು ಎಂದು ಗಾಲೀಚಾ ಹಾಸಿಸಿದ. ಏಣಿ ಹತ್ತಿ, ಹಸಿರು ಬಣ್ಣದ ಡಬ್ಬಿಯನ್ನು ಮೇಲಿನ ಮೆಟ್ಟಿಲ ಮೇಲಿಟ್ಟು, ಮೊಳಕೈ ತಗುಲಿದವನಂತೆ ತಗುಲಿಸಿದ. ಬಿದ್ದದ್ದು ಅಂಗೈಯಗಲ. ಉತ್ತರದ ಮೂಲೆಯಿಂದ ಎರಡು ಗೇಣು, ನಾಲ್ಕು ಬೆರಳು. ಎರಡನೆಯ ಹೂವಿನ ಎಡಕ್ಕೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಸದ್ದಿಗೆ ಇಂದ್ರಾಬಾಯಿ ಒಳಗಿನಿಂದ ಬಂದಳು. ಕಲೆಯನ್ನು ನೋಡುತ್ತ ಅವಳು ನಿಂತ ರೀತಿ ಕಾಳಪ್ಪನಿಗೆ ಅರ್ಥವಾಗಲಿಲ್ಲ. ಬೈಗುಳಕ್ಕೆ ಸಿದ್ಧನಾಗಿದ್ದ ಅವನಿಗೆ ಬೈಗುಳ ಬೀಳಲಿಲ್ಲ.

"ತಪ್ಪಾತ್ರಿ ಅವ್ವಾರ" ಎಂದ ಅವನು, ಹೇಗೆ ಹೇಳಬೇಕೆಂದು ಕಲಿತಿದ್ದನೋ ಹಾಗೇ. "ಯಾರೂ ಮುಟ್ಟಬ್ಯಾಡ್ರಿ. ಹಸೀ ಇದ್ದಾಗ ಮುಟ್ಟಿದ್ರ ಹಬ್ಬತೈತಿ. ಒಣಗಲಿ. ಐದನೇ ದಿನಕ್ಕ ಬಂದು ಒಯ್ತೇನ್ರಿ. ಹೊಳ್ಯಾಗ ಹಾಕಿ, ತಗದು, ತಂದು ಕೊಡ್ತೇನ್ರಿ."

"ಆಗ್ಲೇಳಪ್ಪಾ. ಕೈತಪ್ಪಿ ಆಗೂದು ಯಾರ ಕೈಲಿಂದರೇ ಆಗತೈತಿ" ಎಂದಳು ಮುದುಕಿ. ಆಮೇಲೆ ದನಿ ತಗ್ಗಿಸಿ, "ರಾವಸಾಬಗ ಏನೂ ಹೇಳಬ್ಯಾಡ. ಅವಂದು ಅವನಜ್ಜನ ಸಿಟ್ಟು. ನೀ ಕೈ ತೊಳಕೋ, ಊಟಾ ಮಾಡು ನಡಿ" ಎಂದಳು.

ರಾವಸಾಬನಿಗೆ ಹೇಳಬೇಡ! ಕಾಳಪ್ಪ ಬೇಡದೆಯೇ ಬಂದ ವರ ಅದು. ಆದರೆ ಅಂದು ಊಟಕ್ಕೆ ಕೂತಾಗ ಅವನು ರೊಟ್ಟಿಯನ್ನು ಬರಿದೆ ಚೂರು ಮಾಡುತ್ತ ಉಳಿದ. ಮುದುಕಿ ನಾಲ್ಕು ಮಾತು ಬೈದಿದ್ದರೆ ಎಷ್ಟು ಹಗುರಾಗುತ್ತಿತ್ತು ಎನಿಸಿತು. ಅಪ್ಪನ ಸೀಳಿದ ಉಗುರನ್ನು ನೆನೆದು ನೆನೆದು, ಅವನು ಮನಸ್ಸನ್ನು ಮತ್ತೆ ಹದಕ್ಕೆ ತಂದುಕೊಂಡ.

ಅದೇ ಸಂಜೆ ಬಸ್ಸು ಹಿಡಿದು ಸಿಂದಗಿಗೆ ಹೋಗಿ, ಅದೇ ಡಬ್ಬಿಯ ಬಣ್ಣವನ್ನು ಅಷ್ಟೇ ಎತ್ತರದಿಂದ ಸುಳ್ಳು ಹಾಸಿನ ಮೇಲೆ ಕೆಡವಿದ. ಎರಡು ಗೇಣು, ನಾಲ್ಕು ಬೆರಳು. ಅದು ಒಣಗಲು ಬಿಟ್ಟು ಇಂಡಿಗೆ ಮರಳಿದ.

ಐದನೆಯ ದಿನ ಟೆಂಪೊ ಮಾಡಿಕೊಂಡು ತಾಂಬಾಕ್ಕೆ ಬಂದಾಗ ಗಾಲೀಚಾ ಸುರುಳಿ ಸುತ್ತಿ, ಗೋಣಿತಟ್ಟಿನಲ್ಲಿ ಹೊಲಿದು, ಕಟ್ಟೆಯ ಮೇಲೆ ಸಿದ್ಧವಾಗಿತ್ತು. ಇಂದ್ರಾಬಾಯಿ ಗೊಳಸಂಗಿಗೆ, ಬಾಣಂತಿ ಮೊಮ್ಮಗಳನ್ನು ನೋಡಲು ಹೋಗಿದ್ದಳು. ಮನೆಗೆಲಸದ ದುರ್ಗವ್ವ ಒಬ್ಬಳೇ ಇದ್ದಳು.

"ಅವ್ವಾರು ಹೇಳಿ ಹೋಗ್ಯಾರ್ರಿ, ಹೊಳ್ಯಾಗ ಚೊಲೋತಂಗ ತೊಳಸಬೇಕಂತ" ಎಂದಳು. "ಆ ಕಲೀ ಸುದ್ದಿ…"

ಹೊರಗೆ ಟೆಂಪೊದವನು ಹಾರ್ನು ಬಾರಿಸುತ್ತಿದ್ದ. "ಕಲೀ ಸುದ್ದಿ ನನಗ ಬಿಡವ್ವಾ. ಅದು ನಮ್ಮ ಕಸಬು" ಎಂದು ಕಾಳಪ್ಪ ಗಂಟನ್ನು ಹೆಗಲಿಗೇರಿಸಿದ. ಗೋಣಿಯಿಂದ ದೀಪಕ್ಕೆ ಹಾಕುವ ಚಿಮಣಿ ಎಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ಮನೆಯಲ್ಲಿ ಯಾವ ಗೋಣಿ ಕೈಗೆ ಸಿಕ್ಕಿತೋ ಅದನ್ನೇ ಸುತ್ತಿದ್ದಾರೆ, ದೊಡ್ಡ ಮನೆಯವರ ಅಚ್ಚುಕಟ್ಟು ಇಷ್ಟೇ ಎಂದು ಒಳಗೊಳಗೇ ನಕ್ಕ.

ಗಂಟನ್ನು ಅವನು ಬಿಚ್ಚಲಿಲ್ಲ. ಬಿಚ್ಚಬಾರದು ಎಂಬುದು ಹೂಟದಲ್ಲಿ ಮೊದಲೇ ಸೇರಿತ್ತು. ಇಂಡಿಯಲ್ಲಿ ಬಿಚ್ಚಿದರೆ ಆ ಕೆಂಪು, ಆ ಹೂವು ನಾಲ್ಕು ಜನರ ಕಣ್ಣಿಗೆ ಬೀಳುತ್ತವೆ. ನಾಳೆ ಅವರಲ್ಲೊಬ್ಬ ಸಾಕ್ಷಿಯಾಗುತ್ತಾನೆ. ಹೊಲಿದ ಗೋಣಿಯೊಳಗೆ ಏನಿದೆ ಎಂದು ಯಾರು ಹೇಳಬಲ್ಲರು? ಬಸ್ ನಿಲ್ದಾಣದಲ್ಲಿ ಅಪ್ಪಾಸಾಬ ಕಾದಿದ್ದ. ಗಂಟು ಲಿಂಬೆಹಣ್ಣಿನ ಚೀಲಗಳ ನಡುವೆ ಸೊಲ್ಲಾಪುರದ ಬಸ್ಸಿನ ಮೇಲೇರಿತು. "ಕಲಿ ತಗಿಯೂದು ನಮಗೂ ಬರತೈತಿ. ಇನ್ನ ಕಾಗದ ಬ್ಯಾಡ, ಭೆಟ್ಟಿ ಬ್ಯಾಡ" ಎಂದು ಅಪ್ಪಾಸಾಬ ಹೋದ. ಎಲ್ಲವೂ ಒಂದು ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಮುಗಿಯಿತು.

ಮರುದಿನ ಸಿಂದಗಿಯ ಕೋಣೆಯಲ್ಲಿ ಕಾಳಪ್ಪ ಸುಳ್ಳು ಹಾಸಿನ ಮುಂದೆ ಮಂಡಿಯೂರಿ ಕೂತ. ಬಣ್ಣ ಒಣಗಿ ಹಕ್ಕಳೆಗಟ್ಟಿತ್ತು. ಅದನ್ನು ತೆಗೆಯುವ ವಿದ್ಯೆ ಅಪ್ಪನದು. ಅಗಸೆ ಎಣ್ಣೆ ಬೆಚ್ಚಗೆ ಮಾಡಿ, ಅದರಲ್ಲಿ ಅದ್ದಿದ ಬಟ್ಟೆಯನ್ನು ಕಲೆಯ ಮೇಲಿಟ್ಟು ಅರ್ಧ ದಿನ ಬಿಡಬೇಕು. ಹಕ್ಕಳೆ ಮೆತ್ತಗಾದ ಮೇಲೆ ಚಾಕುವಿನ ಮೊಂಡು ಬೆನ್ನಿನಿಂದ ಎಬ್ಬಿಸಬೇಕು. ಆಮೇಲೆ ಟರ್ಪೆಂಟೈನಿನ ಬಟ್ಟೆ. ಅದನ್ನು ಉಜ್ಜಬಾರದು, ಅಂಚಿನಿಂದ ನಡುವಿಗೆ ಒತ್ತುತ್ತ ಬರಬೇಕು. ಕೊನೆಗೆ ಜೋಳದ ಹಿಟ್ಟು ಉದುರಿಸಿದರೆ ಉಳಿದ ಎಣ್ಣೆಯನ್ನೆಲ್ಲ ಅದು ಕುಡಿಯುತ್ತದೆ. ಮಾನಪ್ಪ ಇದನ್ನು ಮಾಡುತ್ತಿದ್ದಾಗ ಪಕ್ಕದಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಒಂದು ಎಳೆ ಬಣ್ಣ ಉಳಿದರೂ ಮತ್ತೆ ಮೊದಲಿನಿಂದ ಕೂರುತ್ತಿದ್ದ.

ಮಗನ ಕೈಯೂ ತಾನಾಗಿಯೇ ಅದೇ ಜಾಡು ಹಿಡಿಯಿತು. ಹಸಿರು ಕರಗುತ್ತ ಬಂತು. ಇನ್ನೊಂದು ಸಲ ಬಟ್ಟೆ ಒತ್ತಿದರೆ ಪೂರಾ ಹೋಗುತ್ತಿತ್ತು. ಕೈ ಮುಂದಕ್ಕೆ ಹೋದದ್ದನ್ನು ಕಾಳಪ್ಪ ಹಿಡಿದು ನಿಲ್ಲಿಸಿದ. ಕಲೆ ಪೂರಾ ಮಾಯವಾದರೆ ಬೇರೆ ಹಾಸು ತಂದನೇನೋ ಎಂಬ ಸಂಶಯ ಯಾರಿಗಾದರೂ ಬಂದೀತು. ಇಷ್ಟು ನೆರಳು ಉಳಿದರೆ ಅದೇ ಗುರುತು, ಅದೇ ಸಾಕ್ಷಿ. ಕಣ್ಣಿಟ್ಟು ನೋಡಿದವರಿಗಷ್ಟೇ ಕಾಣುವ ಒಂದು ತೆಳು ಹಸಿರನ್ನು ಅವನು ಬೇಕೆಂದೇ ಬಿಟ್ಟ. ಅಪ್ಪ ಇದ್ದಿದ್ದರೆ ಬೈಯುತ್ತಿದ್ದ ಎಂದು ಒಂದು ಗಳಿಗೆ ಎನಿಸಿತು. ನಿನಗಾಗಿಯೇ ಮಾಡುತ್ತಿದ್ದೇನೆ ಎಂದು ಸತ್ತ ಅಪ್ಪನಿಗೆ ಸಮಾಧಾನ ಹೇಳಿಕೊಂಡ.

ವಾರ ಬಿಟ್ಟು ವಾಡೆಗೆ ಮರಳಿದ. ಹೊರಗಟ್ಟೆಯ ಮೇಲೆ ರಾವಸಾಬ ಗೌಡ ಅಡಿಗೆಯವರೊಂದಿಗೆ ಮದುವೆಯ ಮಾತಾಡುತ್ತಿದ್ದ. ಒಳಗೆ ಪಡಸಾಲೆಯಲ್ಲಿ ಕಾಳಪ್ಪ, ದುರ್ಗವ್ವ ಕೂಡಿ ಹಾಸು ಬಿಡಿಸಿದರು. ಕೆಂಪು ನೆಲ ಮನೆ ತುಂಬ ಹರಡಿತು. ಇಂದ್ರಾಬಾಯಿ ಬಾಗಿಲಲ್ಲಿ ನಿಂತು ನೋಡಿ, "ಚಂದ ಆಗೇತಿ" ಎಂದಳು. ಬಂದು ಒಂದು ಬದಿಗೆ ಕೂತು ಅಂಗೈ ಆಡಿಸಿದಳು. "ತುಸು ಒರಟಾಗೇತಿ ಅಲ್ಲಾ?"

"ಹೊಳೀ ನೀರಿಗೆ ಹಂಗ ಆಗತೈತ್ರಿ ಅವ್ವಾರ. ತುಳದಾಡಿದ್ರ ಮತ್ತ ಮೆತ್ತಗಾಗತೈತಿ." ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಮುದುಕಿ ತಲೆಯಾಡಿಸಿದಳು. ಕಾಳಪ್ಪನ ಎದೆಯ ಭಾರ ಇಳಿಯಿತು. ಇನ್ನು ಉಳಿದದ್ದು ಅವನು ಬಹಳ ದಿನದಿಂದ ಕಾದಿದ್ದ ಕೊನೆಯ ಹೊಡೆತ. ಉತ್ತರದ ಮೂಲೆಗೆ ಹೋಗಿ ಕೂತು, ಎರಡನೆಯ ಹೂವಿನ ಎಡಕ್ಕೆ ಬೆರಳಿಟ್ಟ. "ನಿಮ್ಮ ಮುಂದ ಸುಳ್ಳ್ಯಾಕ್ರಿ. ಮೂರು ದಿನಾ ಒತ್ತಿದ್ನಿ. ಇಷ್ಟs ಉಳೀತು ನೋಡ್ರಿ. ಇದು ಮಾತ್ರ ಹೋಗವಲ್ದು."

ಇಂದ್ರಾಬಾಯಿ ಬಾಗಿ ನೋಡಿದಳು. ಮಾತಾಡಿದಾಗ ಅವಳ ದನಿ ಎಲ್ಲಿಂದಲೋ ಬಂದ ಹಾಗಿತ್ತು.

"ಹೇಳಬೇಕು ಹೇಳಬೇಕು ಅಂತ ಇಷ್ಟು ವರ್ಷ ಆತು, ಕಾಳಪ್ಪಾ. ನಮ್ಮ ನಾದಿನಿ ಮದುವ್ಯಾಗ ಇದರ ಮ್ಯಾಲ ಬಿಳೀ ಬಣ್ಣ ಚೆಲ್ಲಿತ್ತಲ್ಲಾ, ಡಬ್ಬಿ ಒದ್ದಾಕಿ ನಾನು. ಕೊಡಾ ಹೊತಗೊಂಡು ಅವಸರದಾಗ ಬಂದು ಎಡವಿದ್ನಿ. ನಮ್ಮ ಮಾವ ಬಾರಕೋಲ ಹಿಡಕೊಂಡು ಯಾರು ಅಂತ ಒದರಿದ್ರ, ನಿಮ್ಮಪ್ಪ ಮುಂದ ಬಂದು 'ನಾನ್ರಿ' ಅಂದ. ಸೊಸಿಗೆ ಬೀಳೂ ಹೊಡತ ತಾ ತಿಂದ. ಆ ಬಾರಕೋಲಿಗೆ ಅವನ ಉಗುರು ಸೀಳಿತು. ಅಷ್ಟಾದ್ರೂ ದಿನಾ ಪೂರ್ತಿ ಕುಂತು ಕಲಿ ತಗದಾ, ಮಗ್ಗಲಕ ಕುಂದ್ರಿಸಿಕೊಂಡು ನನಗೂ ಕಲಿಸಿದಾ. 'ಉಗುರು ಹಚ್ಚಬ್ಯಾಡ್ರಿ ಬಾಯಾರ, ಎಳಿ ಹರೀತಾವ' ಅಂತಿದ್ದ. ನಮ್ಮ ಮಾವ ಅವನ್ನ ಮತ್ತ ವಾಡೇಕ ಬರಗೊಡಲಿಲ್ಲ. ಅವಾ ಯಾರ ಮುಂದೂ ನನ್ನ ಹೆಸರ ಎತ್ತಲಿಲ್ಲ."

ಕಾಳಪ್ಪನ ಬೆರಳು ಆ ಹಸಿರಿನ ಮೇಲೇ ಇತ್ತು. ಅಪ್ಪನ ಮೌನವನ್ನು ತಾನು ಎಂಥ ಕಸದಿಂದ ತುಂಬಿಟ್ಟಿದ್ದೆ ಎಂದು ನಾಚಿಕೆಯಾಯಿತು, ಸಂಕಟವಾಯಿತು. ಸೊಲ್ಲಾಪುರದ ಬಸ್ಸನ್ನು ಹಿಂದಕ್ಕೆ ಕರೆಸುವಂತಿದ್ದರೆ ಆ ಗಳಿಗೆಯಲ್ಲೇ ಕರೆಸಿಬಿಡುತ್ತಿದ್ದ. ಆದರೆ ಮುದುಕಿಯ ಮಾತು ಮುಗಿದಿರಲಿಲ್ಲ. ಅವಳು ಹಾಸಿನ ಮೂಲೆಯನ್ನು ಮಗುಚಿ, ಹಿಂಬದಿಯ ಗಂಟುಗಳನ್ನು ಬೆರಳಿನಿಂದ ಸವರುತ್ತ, ನಿಧಾನಕ್ಕೆ ಅವನ ಮುಖಕ್ಕೆ ಕಣ್ಣೆತ್ತಿದಳು. ಕಾಳಪ್ಪನ ಮೂಗಿಗೆ ಅಂದಿನ ಗೋಣಿಯ ಚಿಮಣಿ ಎಣ್ಣೆಯ ವಾಸನೆ ಮತ್ತೆ ಅಡರಿತು. "ನಿಮ್ಮಪ್ಪನ ಋಣಾ ತೀರಸೂ ದಿನಾ ಬಂತು ಅಂತ, ರಾವಸಾಬನ ಕಣ್ಣಿಗೆ ಬೀಳೂದರಾಗ ಈ ಕಲಿ ನಾನs ತಗದಿದ್ನಿ, ಗೊಳಸಂಗಿಗೆ ಹೋಗೂ ಮುಂಚೇನ. ಬೆಚ್ಚನ್ನ ಎಣ್ಣಿ ಹಾಕಿ, ಚಿಮಣಿ ಎಣ್ಣಿ ಬಟ್ಟಿ ಒತ್ತಿ, ಜ್ವಾಳದ ಹಿಟ್ಟು ಉದರಿಸಿ. ಒಂದು ಎಳಿ ಹಸರೂ ಉಳದಿದ್ದಿಲ್ಲ. ವಾಸನಿ ಹೋಗಲಿ ಅಂತ ನಿನಗ ಬರೇ ತೊಳ್ಯಾಕ ಕೊಟ್ಟಿದ್ನಿ. ಹಂಗಾದ್ರ ಮೂರು ದಿನಾ ನೀ ಒತ್ತಿದ್ದು ಯಾವ ಕಲೀ, ಕಾಳಪ್ಪಾ?"